ರಾಜಿ ಮಾಡಿಸಿ, ಸುಳ್ಳು ಹೇಳಿಸಬೇಡಿ

ಕೊಳಗಲ್ಲಿನ ಹಿರಿಯರೇ, ಕುರುಗೋಡು, ಸಿರುಗುಪ್ಪ ಸೀಮೆಯ ದೈವದವರೇ, ಬಳ್ಳಾರಿಯ ವಕೀಲ ಮಿತ್ರರೇ,

ಗಂಡ ಹೆಂಡಿರ ಜಗಳ ಠಾಣೆಯ ಮೆಟ್ಟಿಲು ಹತ್ತಿದಾಗ ಎರಡೂ ಕಡೆಯವರನ್ನು ಕೂಡಿಸಿ ಮಾತಾಡಿಸುವವರು ನೀವು. ವಾಯಿದೆಯಿಂದ ವಾಯಿದೆಗೆ ಅಲೆದು ಎರಡು ಮನೆಗಳು ಸವೆದುಹೋಗುವುದನ್ನು ತಪ್ಪಿಸುವ ಆ ಕೆಲಸಕ್ಕೆ ನನ್ನ ನಮಸ್ಕಾರ. ನನ್ನ ತಕರಾರು ಇರುವುದು ರಾಜಿಯಾದ ಮರುದಿನದ ಬಗ್ಗೆ.

ಕೊಟ್ಟ ಬಂಗಾರ ವಾಪಸ್, ಇಷ್ಟು ಹಣ ಇಂಥ ದಿನಕ್ಕೆ ಎಂದು ಬಾಂಡ್ ಪೇಪರಿನ ಮೇಲೆ ಬರೆಸುತ್ತೀರಿ, ಸಹಿ ಹಾಕಿಸುತ್ತೀರಿ. ಆಮೇಲೆ ಹೆಂಡತಿ ಹಾಕಿದ ಕೇಸಿನ ಮಾತು ಬರುತ್ತದೆ. "ನೋಡವ್ವಾ, ಕೋರ್ಟಿನ್ಯಾಗ ಏನೂ ಆಗಿಲ್ಲ ಅಂದ್‌ಬಿಡು. ಪೊಲೀಸ್ರು ಏನು ಬರಕೊಂಡ್ರೋ ಗೊತ್ತಿಲ್ಲ ಅನ್ನು. ಮುಗೀತು." ಆಕೆ ಕಟಕಟೆಯಲ್ಲಿ ನಿಂತು ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡುತ್ತಾಳೆ. ಹೊಡೆದಿಲ್ಲ, ಹೊರಗೆ ಹಾಕಿಲ್ಲ, ವರದಕ್ಷಿಣೆ ಕೇಳಿಲ್ಲ ಎನ್ನುತ್ತಾಳೆ. ಸರ್ಕಾರಿ ವಕೀಲರು ಆಕೆಯನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ, ಆಕೆಯದೇ ದೂರನ್ನು ಆಕೆಯ ಮುಂದೆ ಓದುತ್ತಾರೆ. ಸಾಲುಸಾಲಿಗೂ "ಇಲ್ಲ". ಆರೋಪಿಗಳು ಖುಲಾಸೆಯಾಗುತ್ತಾರೆ.

ಲೆಕ್ಕ ಹಾಕಿ ನೋಡಿ. ಹೆಂಡತಿಗೆ ಕಿರುಕುಳ ಕೊಟ್ಟವರಿಗೆ ಕಾನೂನು ಇಟ್ಟಿರುವುದು ಹೆಚ್ಚೆಂದರೆ 3 ವರ್ಷದ ಶಿಕ್ಷೆ. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ಹೇಳಿದರೆ 7 ವರ್ಷದವರೆಗೂ ಇದೆ. ಮೂರು ವರ್ಷದ ಅಪರಾಧದಿಂದ ಗಂಡನನ್ನು ಪಾರು ಮಾಡಲು, ಪೆಟ್ಟು ತಿಂದ ಹೆಣ್ಣಿನ ಕೈಯಲ್ಲಿ ಏಳು ವರ್ಷದ ಅಪರಾಧ ಮಾಡಿಸುತ್ತಿದ್ದೇವೆ. ಆ ಶಿಕ್ಷೆ ಆಕೆಗೆ ಆಗದೇ ಹೋಗಬಹುದು. ಸುಳ್ಳುಗಾರ್ತಿ ಎಂಬ ಹೆಸರಂತೂ ಉಳಿಯುತ್ತದೆ. ನಾಳೆ ರಾಜಿ ಮಾಡಿಸಿದ ಊರ ಕಟ್ಟೆಯ ಮೇಲೇ ಕೂತು "ಈ ಫೋರ್ ನೈಂಟಿಯೈಟ್ ಕೇಸುಗಳೆಲ್ಲ ಸುಳ್ಳು" ಎನ್ನುವವರೂ ನಾವೇ. ಒಬ್ಬಳಿಗೆ ನಾವು ಕಲಿಸಿದ ಸುಳ್ಳು, ನಿಜವಾಗಿ ನೊಂದು ಠಾಣೆಗೆ ಬರುವ ಮುಂದಿನ ಹುಡುಗಿಯ ಬಾಯಿ ಕಟ್ಟುತ್ತದೆ.

ರಾಜಿಯಾದ ಮೇಲೂ ಸುಳ್ಳು ಸಾಕ್ಷಿ ಏಕೆ ಬೇಕಾಗುತ್ತದೆಂದು ವಕೀಲರಿಗೆ ಗೊತ್ತು. 1983ರಲ್ಲಿ ದಂಡಸಂಹಿತೆಗೆ ಸೇರಿದ 498ಎ ಕಲಮಾಗಲಿ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಲಿ ರಾಜಿಗೆ ಒಳಪಡುವ ಅಪರಾಧವಲ್ಲ. ಬಾಂಡ್ ಪೇಪರ್ ತೋರಿಸಿದ ಮಾತ್ರಕ್ಕೆ ಬಳ್ಳಾರಿಯ ಅಥವಾ ಸಿರುಗುಪ್ಪದ ಮ್ಯಾಜಿಸ್ಟ್ರೇಟರು ಕೇಸು ಮುಗಿಸಲಾರರು. ಗಡಿಯಾಚೆಯ ಆಂಧ್ರದಲ್ಲಿ 2003ರಲ್ಲೇ ತಿದ್ದುಪಡಿ ತಂದು, ಕೋರ್ಟಿನ ಅನುಮತಿ ಪಡೆದು, ಮೂರು ತಿಂಗಳು ಕಾದು ರಾಜಿಯಾಗುವ ದಾರಿ ಮಾಡಿದ್ದರು. ಆದೋನಿಗೆ ಕೊಟ್ಟ ಮಗಳಿಗೆ ಅಲ್ಲಿನ ಕೋರ್ಟಿನಲ್ಲಿ ಸಿಕ್ಕ ಆ ದಾರಿ ಕುರುಗೋಡಿಗೆ ಕೊಟ್ಟ ಮಗಳಿಗೆ ಇಲ್ಲಿ ಸಿಗಲಿಲ್ಲ.

ಹಾಗೆಂದು ನಮಗೆ ದಾರಿಯೇ ಇಲ್ಲವೆಂದಲ್ಲ. ಗಂಡ ಹೆಂಡಿರು ಮನಃಪೂರ್ವಕ ರಾಜಿಯಾದರೆ ಹೈಕೋರ್ಟು ತನ್ನ ಅಂತರ್ಗತ ಅಧಿಕಾರ ಬಳಸಿ ಪ್ರಕರಣ ರದ್ದು ಮಾಡಬಹುದೆಂದು ಸುಪ್ರೀಂ ಕೋರ್ಟು 2003ರಲ್ಲಿ ಹೇಳಿತು. 2012ರ ಗ್ಯಾನ್ ಸಿಂಗ್ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಗಟ್ಟಿಗೊಳಿಸಿತು. ಕೊಲೆ, ಅತ್ಯಾಚಾರ, ದರೋಡೆಯಂಥ ಘೋರ ಅಪರಾಧಗಳಿಗೆ ಈ ಸೌಲಭ್ಯ ಇಲ್ಲವೆಂದೂ ಗೆರೆ ಎಳೆಯಿತು. ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 482ನೇ ಕಲಮಿನಲ್ಲಿದ್ದ ಆ ಅಧಿಕಾರ ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 528ರಲ್ಲಿದೆ. 2008ರಿಂದ ಹೈಕೋರ್ಟು ಪೀಠ ಧಾರವಾಡದಲ್ಲೇ ಇದೆ, ಬಳ್ಳಾರಿ ಜಿಲ್ಲೆ ಅದರ ವ್ಯಾಪ್ತಿಗೆ ಬರುತ್ತದೆ. ಅಲ್ಲಿ ಆಕೆ "ಏನೂ ಆಗಿಲ್ಲ" ಎನ್ನಬೇಕಿಲ್ಲ. "ಆಗಿದ್ದು ಆಯಿತು, ಬಗೆಹರಿಸಿಕೊಂಡಿದ್ದೇವೆ, ಮುಂದುವರಿಸಲು ನನಗೆ ಇಷ್ಟವಿಲ್ಲ" ಎಂದರೆ ಸಾಕು. ತಲೆ ಎತ್ತಿ ಹೇಳಬಹುದಾದ ಮಾತು ಅದು.

ಧಾರವಾಡ ದೂರ, ಖರ್ಚು ಬಹಳ ಎನ್ನುತ್ತೀರಿ. ಆ ಖರ್ಚು ಗಂಡನ ಕಡೆಯದೆಂದು ಕರಾರಿನಲ್ಲೇ ಬರೆಯಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ವರಮಾನ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಈ ಮಾತನ್ನು ಆಕೆಗೆ ಹೇಳುವುದು ನಿಮ್ಮ ಧರ್ಮ.

ಅದಕ್ಕೂ ಮೊದಲು, ಆ ರಾಜಿ ನಿಜವಾಗಿ ಆಕೆಯದೇ ಎಂದು ಖಾತ್ರಿ ಮಾಡಿಕೊಳ್ಳಿ. ಇಪ್ಪತ್ತು ಗಂಡಸರು ಸುತ್ತ ಕೂತಾಗ ಮೂಲೆಯಲ್ಲಿ ನಿಂತವಳು ಆಡಿಸಿದ ತಲೆಯನ್ನು ಒಪ್ಪಿಗೆ ಎನ್ನಬೇಡಿ. ರಾಜಿಗೆ ಅವಕಾಶ ಕೊಡಿ ಎಂದು 2011ರಲ್ಲಿ ಶಿಫಾರಸು ಮಾಡಿದ ಕಾನೂನು ಆಯೋಗ, ನ್ಯಾಯಾಧೀಶರು ಆಕೆಯನ್ನು ಕೊಠಡಿಗೆ ಕರೆದು, ಬಲವಂತ ಇಲ್ಲವೆಂದು ತಿಳಿದುಕೊಂಡು, ಮೂರು ತಿಂಗಳ ನಂತರ ಮತ್ತೊಮ್ಮೆ ಕೇಳಬೇಕು ಎಂದಿತ್ತು. ಕೋರ್ಟಿಗೇ ಅಷ್ಟು ಎಚ್ಚರ ಬೇಕೆಂದರೆ ಕಟ್ಟೆಗೆ ಬೇಡವೇ? ಊರಿನ ಹಿರಿಯ ಹೆಣ್ಣುಮಗಳೊಬ್ಬಳು ಆಕೆಯನ್ನು ಒಂಟಿಯಾಗಿ ಕೂಡಿಸಿಕೊಂಡು ಕೇಳಲಿ. ಆಕೆ ಬೇಡವೆಂದರೆ ರಾಜಿ ಅಲ್ಲಿಗೇ ನಿಲ್ಲಲಿ, ಕೇಸು ನಡೆಯಲಿ. ಮಗುವಿದ್ದರೆ ಅದರ ಪಾಲನ್ನು ತಾಯಿ ಬಿಟ್ಟುಕೊಟ್ಟಳೆಂದು ಬರೆಯಬೇಡಿ. ಮಗುವಿನ ಹಕ್ಕು ಅವರಿಬ್ಬರ ರಾಜಿಗೆ ಸಿಗುವ ಸೊತ್ತಲ್ಲ. ಇನ್ನು, ಸೊಸೆ ಸತ್ತ ಮನೆಯ ಮುಂದೆ ರಾಜಿಯ ಚಾಪೆ ಹಾಸಲೇಬೇಡಿ.

ಎರಡೂ ಕಡೆಯವರಿಗೆ ಒಂದೊಂದು ಮಾತು. ಅರ್ಧ ಹಣ ಕೊಟ್ಟು ಉಳಿದರ್ಧಕ್ಕೆ ಸತಾಯಿಸುವ ಗಂಡನ ಮನೆಯವರೇ, ಕರಾರು ಮುರಿದವರು ನೀವು. ಪೂರ್ತಿ ಹಣ ಪಡೆದ ಮೇಲೂ ಸಹಿಗೆ ಬಾರದೆ, ವಯಸ್ಸಾದ ಅತ್ತೆ ಮಾವನನ್ನು ಕೋರ್ಟಿಗೆ ಎಳೆದಾಡಿಸುವ ತವರಿನವರೇ, ನೀವೂ ಅದೇ ಸಾಲಿನಲ್ಲಿದ್ದೀರಿ. ಕೊನೆಯ ಕಂತು ಧಾರವಾಡದ ನ್ಯಾಯಪೀಠದ ಮುಂದೆಯೇ ಕೈ ಸೇರಲಿ, ಅದೇ ದಿನ ಕೇಸು ರದ್ದಾಗಲಿ.

ಹಿರಿಯರೇ, ಇನ್ನು ಮುಂದೆ ಕರಾರು ಬರೆಸುವಾಗ "ಸಾಕ್ಷಿ ತಿರುಗಿಸುವುದಿಲ್ಲ, ಹೈಕೋರ್ಟಿನಲ್ಲೇ ಪ್ರಕರಣ ರದ್ದು ಮಾಡಿಸಿಕೊಳ್ಳುತ್ತೇವೆ" ಎಂಬ ಸಾಲನ್ನು ಮೊದಲು ಬರೆಸಿ. ತನ್ನ ನೋವೇ ಸುಳ್ಳೆಂದು ಆಣೆ ಮಾಡಿ ಈ ಸೀಮೆಯ ಯಾವ ಮಗಳೂ ಬಿಡುಗಡೆ ಕೊಳ್ಳಬೇಕಾಗಿ ಬರಬಾರದು. ನಿಮ್ಮ ಮಾತು ಊರಲ್ಲಿ ನಡೆಯುತ್ತದೆ. ಆ ಮಾತನ್ನು ಸತ್ಯದ ಕಡೆ ನಿಲ್ಲಿಸಿ.