ಸೇವೆ ಬೇಕು, ಒತ್ತೆ ಬ್ಯಾಡ

ಹಳ್ಳಿಗೆ ಡಾಕ್ಟರು ಬೇಕು ಅನ್ನೋದಕ್ಕೆ ನನ್ನ ತಕರಾರಿಲ್ಲ. ತಾಜಸುಲ್ತಾನಪುರದ ನಮಗೆ ಕಲಬುರಗಿ ಸಮೀಪ. ಆಟೋ ಹಿಡಿದ್ರ ಜಿಮ್ಸ್ ಆಸ್ಪತ್ರೆ ಮುಟ್ಟಬಹುದು. ಕಮಲಾಪುರದ ಆಚೆ ತಾಂಡಾದವರು ಅರ್ಧರಾತ್ರಿ ಬಸುರಿ ಹೆಣ್ಣುಮಗಳನ್ನ ಎಲ್ಲಿಗೆ ಒಯ್ಯಬೇಕು? ನನ್ನ ತಕರಾರು ಇರೋದು ಡಾಕ್ಟರನ್ನ ಕರೆತರುವ ರೀತಿಗೆ.

ನಮ್ಮ ರಾಜ್ಯದ ಕಡ್ಡಾಯ ಸೇವೆಯ ಕಾಯ್ದೆ 2012ರದ್ದು, ಜಾರಿಗೆ ಬಂದದ್ದು 2015ರಲ್ಲಿ. ಮೂಲ ಕಾಯ್ದೆಯಂತೆ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯಬೇಕಿತ್ತು. ಅಲ್ಲಿಯವರೆಗೆ ತಾತ್ಕಾಲಿಕ ನೋಂದಣಿ ಮಾತ್ರ, ಕಾಯಂ ನೋಂದಣಿ ಇರಲಿಲ್ಲ. ತಪ್ಪಿಸಿದರೆ 15ರಿಂದ 30 ಲಕ್ಷ ರೂಪಾಯಿ ದಂಡ. ಈ ದಂಡ ಯಾರಿಗೆ ಹೇಳ್ರಿ? ಉಳ್ಳವರ ಮಗ ಕಟ್ಟಿ ಹೋಗ್ತಾನ. ತೊಗರಿ ಮಾರಿ ಓದಿಸಿದವರ ಮಗಳು ಮಾತ್ರ ಸಿಕ್ಕಿಬೀಳ್ತಾಳ.

"ಜನರ ತೆರಿಗೆ ದುಡ್ಡಿನಾಗ ಓದ್ಯಾರ, ಒಂದು ವರ್ಷ ದುಡೀಲಿ ಬಿಡ್ರಿ" ಅಂತಾರ. ಮಾತು ಖರೆ. 2019ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ಬಾಂಡ್‌ಗಳನ್ನು ಎತ್ತಿಹಿಡಿಯಿತು. ಆದರೆ ಕರಾರು ಅಂದ್ರ ಎರಡೂ ಕಡೆಯವರನ್ನ ಕಟ್ಟಬೇಕು. ಹುಡುಗಿ ತಪ್ಪಿದರೆ ದಂಡ. ಸರ್ಕಾರ ತಿಂಗಳಾನುಗಟ್ಟಲೆ ಜಾಗ ತೋರಿಸದೇ ಕೂಡಿಸಿದರೆ ಯಾರಿಗೆ ದಂಡ? ಇರಲಿಕ್ಕೆ ಕ್ವಾರ್ಟರ್ಸ್ ಇಲ್ಲ, ಜೊತೆಗೆ ನರ್ಸ್ ಇಲ್ಲ ಅಂದ್ರ ಯಾರನ್ನ ಕೇಳಬೇಕು?

ಇನ್ನೊಂದು ಮಾತು. 2023ರಲ್ಲಿ ಸರ್ಕಾರವೇ ಕಾಯ್ದೆ ತಿದ್ದಲು ಹೊರಟಿತು. ಓದಿ ಹೊರಬರುವವರಷ್ಟು ಖಾಲಿ ಹುದ್ದೆಗಳಿಲ್ಲ, ಹುದ್ದೆ ಇದ್ದಷ್ಟು ಮಂದಿ ಸಾಕು ಎಂಬುದು ಅದರ ಸಮರ್ಥನೆ. ಹಂಗಂದ್ರ ಕೊರತೆ ಇದ್ದದ್ದು ಡಾಕ್ಟರದಲ್ಲ, ಮಂಜೂರಾದ ಹುದ್ದೆಯದ್ದು! ಕಾಗದದ ಮ್ಯಾಲ ಹುದ್ದೆ ಭರ್ತಿ ಆದ್ರ ತಾಂಡಾದ ರೋಗ ವಾಸಿ ಆಗ್ತದೇನು? ಬಂದವರಾದರೂ ಊರಿನ ಬೇನೆ ತಿಳಿಯೋದ್ರೊಳಗ ವರ್ಷ ಮುಗಿಸಿ ಗಂಟುಮೂಟೆ ಕಟ್ಟತಾರ.

ಸರ್ಕಾರ ಹಿಡಿದ ದಾರಿಯನ್ನೇ ಖಾಸಗಿಯವರೂ ಹಿಡಿದಿದ್ದಾರೆ. ನಮ್ಮ ಅಕ್ಕನ ಮಗಳ ಮೂಲ ಅಂಕಪಟ್ಟಿಗಳನ್ನು ಅವಳ ಕಾಲೇಜು ಬೀರುವಿನಲ್ಲಿಟ್ಟು ಬೀಗ ಹಾಕಿತ್ತು. ಕೇಳಲಿಕ್ಕೆ ಹೋದ್ರ, "ಬಾಂಡ್ ಮುಗೀಲಿ, ಇಲ್ಲಾ ರೊಕ್ಕ ತುಂಬ್ರಿ." ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಸಾಲಕ್ಕೆ ಬಂಗಾರ ಒತ್ತೆ ಇಡೋದು ಕೇಳಿದ್ದೆವು. ಹತ್ತನೇ ಕ್ಲಾಸಿನ ಅಂಕಪಟ್ಟಿ ಒತ್ತೆ ಇಡೋದು ಯಾವ ನ್ಯಾಯ?

ದಾರಿ ಇಲ್ಲದೇ ಇಲ್ಲ. 371(ಜೆ) ವಿಧಿಯಿಂದ ಓದಿನಲ್ಲೂ ನೌಕರಿಯಲ್ಲೂ ನಮ್ಮ ಭಾಗದವರಿಗೆ ಮೀಸಲಾತಿ ಇದೆ. ಜಿಮ್ಸ್, ಇಎಸ್ಐ, ಎಂಆರ್‌ಎಂಸಿ, ಕೆಬಿಎನ್ ಅಂತ ಕಲಬುರಗಿ ಒಂದರಲ್ಲೇ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. ಇಲ್ಲಿನ ಮಕ್ಕಳಿಗೆ ಇಲ್ಲೇ ಕಾಯಂ ಹುದ್ದೆ, ಮನೆ, ಮುಂದಿನ ಓದಿಗೆ ಆದ್ಯತೆ ಕೊಡ್ರಿ. ಬಾಂಡ್ ಬೇಕೇ ಬೇಕು ಅಂದ್ರ, ಫಲಿತಾಂಶ ಬಂದ ತಿಂಗಳೊಳಗೆ ಜಾಗ ತೋರಿಸ್ರಿ. ಆಗದಿದ್ದರೆ ಬಾಂಡ್ ತಾನಾಗೇ ರದ್ದಾಗಲಿ. ಯಾರ ಸರ್ಟಿಫಿಕೇಟನ್ನೂ ಯಾವ ಬೀರುವಿನೊಳಗೂ ಇಡಬ್ಯಾಡ್ರಿ.

ಕೈಕಟ್ಟಿ ತಂದು ಕೂಡಿಸಿದ ಡಾಕ್ಟರಿನ ಕಣ್ಣು ರೋಗಿ ಮ್ಯಾಲಲ್ಲ, ಕ್ಯಾಲೆಂಡರ್ ಮ್ಯಾಲ ಇರ್ತದ. ಅಂಥವರಲ್ಲ, ಇಲ್ಲೇ ಇರೋರು ಬೇಕು ನಮಗ.