ಮೊದಲು ಗೇಜ್, ಆಮೇಲೆ ಗ್ಯಾಸ್

ಮಕ್ಕಳೇ, ಕಾರಿನ ಏಸಿ ಆಗಾಗ ಆನ್-ಆಫ್ ಆಗ್ತಾ ಇದ್ದರೆ ಎಲ್ಲರೂ ಹೇಳೋದು ಒಂದೇ ಮಾತು: "ಗ್ಯಾಸ್ ಹಾಕ್ಸಿ." ಇದು ಸರಿಯಾದ ಅಭ್ಯಾಸವಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಊರು ನೋಡಿ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿಯೇ ತಂಪು. ಏಸಿಯ ತಂಪು ಸುರುಳಿ ಬೇಗನೆ 0 ಡಿಗ್ರಿ ಹತ್ತಿರ ಬರುತ್ತೆ. ಅದರ ಮೇಲೆ ಮಂಜುಗಟ್ಟಬಾರದೆಂದು ಕಂಪ್ರೆಸರ್ ತಾನೇ ನಿಲ್ಲುತ್ತೆ. ಅದು ದೋಷವಲ್ಲ.

ಮಸಿನಗುಡಿಯ ಬಿಸಿಲಲ್ಲೂ ಕೆಲವೇ ಸೆಕೆಂಡಿಗೊಮ್ಮೆ ನಿಂತು, ಗಾಳಿಯೂ ತಣ್ಣಗೆ ಬರದಿದ್ದರೆ ಯೋಚಿಸಬೇಕು. ಗ್ಯಾಸ್ ಕಡಿಮೆಯಿದ್ದರೆ ಒತ್ತಡ ಕುಸಿದು ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತೆ. ಒತ್ತಡ ಏರಿದೊಡನೆ ಮತ್ತೆ ಓಡಿಸುತ್ತೆ. ಆದರೆ ಕಂಡೆನ್ಸರ್ ಫ್ಯಾನ್ ತಿರುಗದೆ ಒತ್ತಡ ಅತಿಯಾದರೂ ಹೀಗೇ ಆಗಬಹುದು. ಆಗ ಗ್ಯಾಸ್ ತುಂಬಿದರೆ ತೊಂದರೆ ಇನ್ನೂ ಹೆಚ್ಚು. ಅಳೆಯದೆ ತಿಳಿಯೋದು ಹೇಗೆ?

ಗ್ಯಾಸು ಪೆಟ್ರೋಲಿನಂತೆ ಉರಿದು ಖರ್ಚಾಗೋದಿಲ್ಲ. ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರಿದೆ. ಅನೇಕ ಕಾರುಗಳಲ್ಲಿರುವ ಆರ್-134ಎ ಅನಿಲ, 100 ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಸೋರಿಕೆ ಮುಚ್ಚದೆ ತುಂಬಿಸೋದು ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ದುಡ್ಡೂ ಹೋಯಿತು, ನಮ್ಮ ಬೆಟ್ಟದ ತಂಪಿಗೂ ಕೇಡು.

ಗ್ಯಾರೇಜಿಗೆ ಹೋದಾಗ ಎರಡೇ ಪ್ರಶ್ನೆ ಕೇಳಿ: ಒತ್ತಡ ಎಷ್ಟಿದೆ? ಎಲ್ಲಿ ಸೋರಿದೆ?