ಪ್ರಾಥಮಿಕ ಶಿಕ್ಷಕಿಯ ಕಲಿಕೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಶಿಕ್ಷಕಿಯರಾಗಿರುವದು ನಮಗೆ ಹೆಮ್ಮೆಯ ಸಂಗತಿಯಾಗಿದೆ. ಹಿಂದೆ ಅವರು ನಮ್ಮನ್ನು ಕಾಣಲು ಬಂದರೆ ತಮ್ಮ ವರ್ಗದ ಮಕ್ಕಳ ಮಾತನ್ನೇ ಆಡುತ್ತಿದ್ದರು. ಈಚೆಗೆ ಅವರ ಬಾಯಲ್ಲಿ ಹೆಚ್ಚಾಗಿ ಕೇಳಬರುವದು, "ಅಕ್ಕೋರ, ಮೊಬೈಲಿನ ತರಬೇತಿ ಇನ್ನೂ ಮುಗಿದಿಲ್ರೀ, ಪ್ರಮಾಣಪತ್ರ ಬರಬೇಕು" ಎಂಬ ಮಾತು. ಈ ವಿಷಯವಾಗಿ ನಮ್ಮ ಮನಸ್ಸಿನಲ್ಲಿರುವ ಕೆಲವು ವಿಚಾರಗಳನ್ನು ಈ ಸಂಚಿಕೆಯ ಮೂಲಕ ಪಾಲಕರ ಮುಂದೆಯೂ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡಬಯಸುತ್ತೇವೆ.

ಮೊದಲು ಈ ತರಬೇತಿಯ ಗುಣವನ್ನು ಹೇಳುವದು ನ್ಯಾಯ. ಶಿಕ್ಷಕರಿಗೆಂದು 'ದೀಕ್ಷಾ' ಎಂಬ ಅಂತರ್ಜಾಲ ವೇದಿಕೆಯು 2017ರಲ್ಲಿ ಆರಂಭವಾಯಿತು. 2019ರಲ್ಲಿ ಸುಮಾರು 42 ಲಕ್ಷ ಶಿಕ್ಷಕರನ್ನು ಮುಟ್ಟುವ ಉದ್ದೇಶದಿಂದ 'ನಿಷ್ಠಾ' ತರಬೇತಿಯು ಹೊರಟಿತು. 2020ರ ಮಾರ್ಚದಲ್ಲಿ ಕೊರೊನಾ ಜಾಡ್ಯದಿಂದ ಶಾಲೆಗಳು ಮುಚ್ಚಿದ ಮೇಲೆ ಅದೇ ತರಬೇತಿಯು 18 ಭಾಗಗಳಲ್ಲಿ ದೀಕ್ಷಾ ವೇದಿಕೆಯ ಮೂಲಕ ಮನೆಮನೆಗೆ ಬಂದಿತು. ಶಿಕ್ಷಕರು ವರ್ಷಕ್ಕೆ 50 ತಾಸುಗಳಷ್ಟಾದರೂ ವೃತ್ತಿಕಲಿಕೆಯಲ್ಲಿ ಕಳೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಒಂದು ವಾರದ ತರಬೇತಿಗಾಗಿ ಎಳೆಗೂಸನ್ನು ನೆರೆಯವರಲ್ಲಿ ಬಿಟ್ಟು, ಬೆಳಗಿನ ಬಸ್ಸು ಹಿಡಿದು ದೂರದ ಊರಿಗೆ ಹೋದ ಹೆಂಗಸರಿಗೆ, ಮನೆಯಲ್ಲಿಯೇ ಪಾಠ ಕೇಳುವ ಈ ಅನುಕೂಲತೆಯ ಬೆಲೆ ಚೆನ್ನಾಗಿ ಗೊತ್ತು. ಆದುದರಿಂದ ಹೊಸದೆಲ್ಲವನ್ನೂ ಹಳಿಯುವವರ ಪಂಕ್ತಿಯಲ್ಲಿ ನಾವು ಕೂಡ್ರುವದಿಲ್ಲ.

ಆದರೆ ತರಬೇತಿ ಮುಗಿಯುವದು ಬೇರೆ, ಕಲಿಯುವದು ಬೇರೆ. ಇದನ್ನು ನಾವು ನಮ್ಮ ತಪ್ಪಿನಿಂದಲೇ ತಿಳಿದೆವು. ಆ ದಿನಗಳಲ್ಲಿ ನಮ್ಮ ಪ್ರಾಥಮಿಕ ವಿಭಾಗದ ಶಿಕ್ಷಕಿಯರಲ್ಲಿ ಯಾರು ಎಷ್ಟು ಪ್ರಮಾಣಪತ್ರ ಪಡೆದರೆಂಬ ಯಾದಿಯನ್ನು ನಾವು ಕಚೇರಿಯ ಗೋಡೆಗೆ ಅಂಟಿಸಿದ್ದೆವು. ಇಪ್ಪತ್ತೈದು ವರುಷ ಒಂದನೆಯ ವರ್ಗಕ್ಕೆ ಅಕ್ಷರ ಕಲಿಸಿದ ಹಿರಿಯ ಶಿಕ್ಷಕಿಯೊಬ್ಬರ ಹೆಸರು ಎಲ್ಲರಿಗಿಂತ ಮೇಲಿತ್ತು. ಸಭೆಯಲ್ಲಿ ಅವರನ್ನು ಹೊಗಳಿದೆವು. ಆ ಸಂಜೆ ಅವರು ಕಚೇರಿಗೆ ಬಂದು ಕಣ್ಣೀರು ತಂದರು. "ಒತ್ತಿದ್ದೆಲ್ಲಾ ನನ್ನ ಮಗ ರೀ. ನಾ ಒಂದು ಪಾಠಾನೂ ಕೇಳಿಲ್ಲ. ತೆರಿಯಾಕ ಬರೂದಿಲ್ಲ ಅಂತ ಹೇಳಾಕ ನಾಚಿಕಿ ಆತು" ಎಂದರು. ನಾಚಿಕೆಪಡಬೇಕಾದವರು ನಾವು. ಮಗು ತಪ್ಪು ಬರೆದ ಪಾಟಿಯನ್ನು ಮುಚ್ಚಿಡದೆ ತೋರಿಸುವಂತೆ ಮಾಡುವದೇ ಶಿಕ್ಷಕಿಯ ಮೊದಲ ಕೆಲಸವೆಂದು ಉಪದೇಶಿಸುತ್ತಿದ್ದ ನಾವು, ಅವರು ತಮ್ಮ ಪಾಟಿಯನ್ನು ಮುಚ್ಚಿಡುವಂತೆ ಮಾಡಿದ್ದೆವು.

ಮರುದಿನ ಯಾದಿಯನ್ನು ಕಿತ್ತೆವು. ಶಾಲೆ ಮತ್ತೆ ತೆರೆದ ಮೇಲೆ, ಶನಿವಾರ ಬೆಳಗಿನ ಶಾಲೆ ಬಿಟ್ಟ ನಂತರ, ಎಲ್ಲರಿಗಿಂತ ಕಿರಿಯ ಶಿಕ್ಷಕಿಯು ಆ ಹಿರಿಯರೊಡನೆ ಅರ್ಧ ತಾಸು ಕೂಡ್ರಹತ್ತಿದಳು. ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡುವದೊಂದನ್ನೇ ಅವರು ಮೊದಲು ಕಲಿತರು. ಮಕ್ಕಳು ಓದುವದನ್ನು ಹಿಡಿದಿಟ್ಟು ತಿಂಗಳಾದ ಮೇಲೆ ಅವರಿಗೇ ಕೇಳಿಸಿದರು. ತಡವರಿಸುತ್ತಿದ್ದ ಹುಡುಗಿಯೊಬ್ಬಳು ತನ್ನ ಹಳೆಯ ಓದನ್ನು ಕೇಳಿ ನಕ್ಕು, ತಾನಾಗಿಯೇ ಮತ್ತೊಮ್ಮೆ ಓದಿದಳಂತೆ. ಗದ್ದಲದ ವರ್ಗವನ್ನು ಸಿಟ್ಟಿಲ್ಲದೆ ಸುಮ್ಮನಾಗಿಸುವ ಬಗೆಯನ್ನು ಕಿರಿಯಳು ಹಿರಿಯರಿಂದ ಕಲಿತಳು. ಅದಕ್ಕೆ ಯಾವ ಪ್ರಮಾಣಪತ್ರವೂ ಬರಲಿಲ್ಲ.

ಸಾಧನವನ್ನು ಬಳಸಲು ಬಂದರಷ್ಟೇ ಸಾಲದು, ಎಲ್ಲಿ ಬಳಸಬೇಕೆಂಬುದೂ ತಿಳಿಯಬೇಕು. ಧುಪದಾಳದ ಜಲಾಶಯವು ಘಟಪ್ರಭಾ ಪಕ್ಷಿಧಾಮದ ಭಾಗವಾಗಿದ್ದು, ಆ ಧಾಮವು 1974ರಲ್ಲಿ ಘೋಷಿತವಾಯಿತು. ಚಳಿಗಾಲದಲ್ಲಿ ಬೂದು ಮೈಯ, ಕಣ್ಣ ಹಿಂದೆ ಬಿಳಿ ಗರಿಗೊಂಚಲುಳ್ಳ ಕ್ರೌಂಚಗಳು ಅಲ್ಲಿಗೆ ಬರುವದುಂಟು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ಭಾಗದ ಮಕ್ಕಳಿಗೆ ಪಕ್ಷಿಗಳ ಪಾಠವನ್ನು ಪರದೆಯ ಮೇಲೆ ತೋರಿಸಿದಳು. ಮಕ್ಕಳು ದೂರದೇಶದ ಹಕ್ಕಿಗಳನ್ನು ಬಾಯ್ದೆರೆದು ನೋಡಿದರು, ಮರುದಿನ ಮರೆತರು. ಮುಂದಿನ ವರುಷ ಅವಳು ಮೊದಲು ಮಕ್ಕಳನ್ನು ನೀರಿನ ದಂಡೆಗೆ ಕರೆದೊಯ್ದು ಕ್ರೌಂಚಗಳನ್ನು ಎಣಿಸಲು ಹಚ್ಚಿದಳು. "ಇವು ಎಲ್ಲಿಂದ ಬಂದಾವ್ರೀ ಅಕ್ಕೋರ?" ಎಂದು ಮಕ್ಕಳೇ ಕೇಳಿದ ಮೇಲೆ ಪರದೆಯ ನಕಾಶೆಯನ್ನು ತೆರೆದು, ಮಂಗೋಲಿಯ ಮತ್ತು ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಹಿಮಾಲಯವನ್ನು ದಾಟಿ ಬರುವ ದಾರಿಯನ್ನು ತೋರಿಸಿದಳು. ಎರಡೂ ವರುಷ ಸಾಧನ ಒಂದೇ. ನಡುವೆ ಶಿಕ್ಷಕಿ ಕಲಿತಿದ್ದಳು.

ಸಾಧನಗಳಿಗಾದರೂ ದೀರ್ಘಾಯುಷ್ಯವಿಲ್ಲ. 1975ರ ಆಗಸ್ಟದಿಂದ ಒಂದು ವರುಷ, ಅಮೇರಿಕೆಯಿಂದ ಎರವಲಾಗಿ ಬಂದ ಉಪಗ್ರಹದ ನೆರವಿನಿಂದ ದೇಶದ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ನಮ್ಮ ನೆರೆಯ ವಿಜಾಪುರ ಜಿಲ್ಲೆಯ ಹಳ್ಳಿಗಳೂ ಅವುಗಳಲ್ಲಿದ್ದವು. ಅದರ ಮೂಲಕ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನದ ತರಬೇತಿಯೂ ದೊರೆಯಿತು. ವರುಷ ತುಂಬಿದೊಡನೆ ಆ ಉಪಗ್ರಹವು ಹಿಂದಿರುಗಿತು. 2004ರಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ 'ಎಜುಸ್ಯಾಟ್' ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ತಂದಿತು. 2010ರಲ್ಲಿ ಅದೂ ಮುಗಿಯಿತು. ಇಂದಿನ ಮೊಬೈಲು, ಪರದೆಗಳೂ ನಾಳೆ ಹಳತಾಗುವವು. ಯಾವದನ್ನು, ಯಾವ ಮಗುವಿಗೆ, ಯಾವಾಗ ಎಂಬ ವಿವೇಕ ಮಾತ್ರ ಶಿಕ್ಷಕಿಯಲ್ಲಿ ಉಳಿಯುವದು.

ಧುಪದಾಳದ ಒಡ್ಡಿನಲ್ಲಿ ನೀರು ತುಂಬಿದ ಮಾತ್ರಕ್ಕೆ ಯಾರ ಹೊಲವೂ ತೊಯ್ಯುವದಿಲ್ಲ, ಕಾಲುವೆ ಬೇಕು. ಸರಕಾರವು ನೀರನ್ನು ತುಂಬಿಸಿದೆ. ಹೊಲಕ್ಕೆ ಒಯ್ಯುವ ಕಾಲುವೆ ಯಾವದೆಂದರೆ ಶಿಕ್ಷಕಿಯರು ಒಟ್ಟಿಗೆ ಕೂತು ಒಬ್ಬರಿಂದೊಬ್ಬರು ಕಲಿಯುವ ಹೊತ್ತು. ಸಮೂಹ ಸಂಪನ್ಮೂಲ ಕೇಂದ್ರಗಳ ಸಮಾಲೋಚನಾ ಸಭೆಗಳು ಇದಕ್ಕೆಂದೇ ಇವೆ. ಆದರೆ ಸುತ್ತೋಲೆ ಓದುವದರಲ್ಲಿಯೂ ಅಂಕಿಸಂಖ್ಯೆ ಒಪ್ಪಿಸುವದರಲ್ಲಿಯೂ ಆ ಹೊತ್ತು ಕಳೆದುಹೋದರೆ ಕಾಲುವೆಯಲ್ಲಿ ಹೂಳು ತುಂಬಿದಂತೆ. ನಮ್ಮಂಥ ಮುಖ್ಯಾಧ್ಯಾಪಿಕೆಯರು ಪ್ರಮಾಣಪತ್ರಗಳನ್ನು ಎಣಿಸುವದನ್ನು ಕಡಿಮೆ ಮಾಡಿ, ವಾರಕ್ಕೆ ಅರ್ಧ ತಾಸನ್ನಾದರೂ ಶಿಕ್ಷಕಿಯರಿಗೆ ಬಿಟ್ಟುಕೊಡಬೇಕು.

ಪಾಲಕರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮಗುವಿನ ಶಿಕ್ಷಕಿಯು ವರ್ಗದಲ್ಲಿ ಮೊಬೈಲು ಹಿಡಿದುದನ್ನು ಕಂಡಾಗ ಒಮ್ಮೆಲೇ ಸಂಶಯಪಡಬೇಡಿರಿ. ಇಂದು ಏನು ಕಲಿಸಿದಿರೆಂದು ಕೇಳಿರಿ. ಅವಳ ಕೈ ತಡವರಿಸಿದರೆ ನಗಬೇಡಿರಿ. ಶಿಕ್ಷಕಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೇಳುವದಿಷ್ಟೇ: ಬಾರದುದನ್ನು ಬಾರದೆಂದು ಹೇಳಲು ಹಿಂಜರಿಯಬೇಡಿರಿ. ಹಾಗೆ ಹೇಳಿದ ದಿನವೇ ಆ ಹಿರಿಯ ಶಿಕ್ಷಕಿಯ ಕಲಿಕೆ ಆರಂಭವಾಯಿತು, ನಮ್ಮದೂ ಆರಂಭವಾಯಿತು.